ಬೆಳಗಿನ ಐದರ ಫೋನ್ ಬಿಟ್ಟ ವರ್ಷ

2024ರ ಮೇ ತಿಂಗಳ ಒಂದು ಸಂಜೆ. ಉಡುಪಿ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಮಲ್ಪೆ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ "ಸರ್" ಅಂದರು. ತಿರುಗಿದರೆ ನನ್ನ ಹಳೇ ಹುಡುಗ. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 561 ತೆಗೆದವನು. ಶಾಲೆಯ ಗೇಟಿಗೆ ಹಾಕಿದ ಫ್ಲೆಕ್ಸಿನಲ್ಲಿ ಅವನ ಫೋಟೋ ಇತ್ತು. ಪಿಯುಸಿ ಹೇಗಾಯ್ತು ಅಂತ ಕೇಳಿದೆ. ಫಸ್ಟ್ ಇಯರ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿದೆ ಅಂದ. ಅದರಲ್ಲಿ ಒಂದು ಗಣಿತ, ನನ್ನದೇ ವಿಷಯ.

"ಎಂತಾಯ್ತು ಮಾರಾಯಾ?"

"ಅಲ್ಲಿ ಬೆಳಿಗ್ಗೆ ಯಾರೂ ಫೋನ್ ಮಾಡ್ಲಿಲ್ಲ ಸರ್."

ಅವನು ತಮಾಷೆ ಮಾಡಲಿಲ್ಲ. ದೂರು ಹೇಳಿದ ಹಾಗೂ ಇರಲಿಲ್ಲ. ಇವತ್ತು ಬಸ್ ಲೇಟು ಅನ್ನುವ ಹಾಗೆ ಹೇಳಿದ, ಅಷ್ಟೇ. ಅವನು ಆಮೇಲೆ ಸಪ್ಲಿಮೆಂಟರಿ ಬರೆದು ಪಾಸಾದ. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಫೋನಿನ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಾನು ಮಲ್ಪೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತ ಮಾಷ್ಟ್ರು. ಜನವರಿ ಬಂತೆಂದರೆ ನಮ್ಮಲ್ಲಿ ಹತ್ತನೇ ಕ್ಲಾಸಿನ ಮಕ್ಕಳನ್ನು ಮಾಷ್ಟ್ರುಗಳು ಹಂಚಿಕೊಳ್ಳುತ್ತೇವೆ. ತಲಾ ಏಳೆಂಟು ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬೊಬ್ಬರಿಗೇ ಫೋನ್. "ಎದ್ದಿದ್ದೀಯಾ?" "ಎದ್ದೆ ಸರ್." ದನಿ ಕೇಳಿದರೇ ಗೊತ್ತಾಗುತ್ತದೆ, ಇನ್ನೂ ಚಾಪೆಯಲ್ಲೇ ಇದೆ ಅಂತ. ಹತ್ತು ನಿಮಿಷ ಬಿಟ್ಟು ಮತ್ತೊಂದು ಫೋನ್. ಪರೀಕ್ಷೆ ಮುಗಿಯುವವರೆಗೆ ಇದೇ. ಇಂಥದ್ದು ನಮ್ಮ ಒಂದೇ ಶಾಲೆಯಲ್ಲಿ ನಡೆಯುವುದಲ್ಲ, ಬೇರೆ ಜಿಲ್ಲೆಗಳಲ್ಲೂ ಇದೆ.

ಫಲಿತಾಂಶವೂ ಚೆನ್ನಾಗಿಯೇ ಬರುತ್ತಿತ್ತು. ಆ ಮೇಯಲ್ಲಿ ಉಡುಪಿ ಜಿಲ್ಲೆ 94 ಶೇಕಡಾ ತೆಗೆದು ರಾಜ್ಯಕ್ಕೆ ಮೊದಲನೆಯದು. ದಕ್ಷಿಣ ಕನ್ನಡ 92.12ರೊಂದಿಗೆ ಎರಡನೆಯದು. ಇಡೀ ರಾಜ್ಯದ್ದು 73.40. ನಮ್ಮ ಶಾಲೆಯದ್ದು ನೂರಕ್ಕೆ ನೂರು. ಸಿಹಿ ಹಂಚಿದ್ದೆವು. ಆ ಲಾಡು ತಿಂದು ಒಂದು ವಾರವೂ ಆಗಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಈ ಹುಡುಗ ಸಿಕ್ಕಿದ.

ಮಲ್ಪೆಗೆ ಬಸ್ಸಿನಲ್ಲಿ ಹೋಗುವಾಗ ಲೆಕ್ಕ ಹಾಕಿದೆ. ಆ 561ರಲ್ಲಿ ಅವನದ್ದು ಎಷ್ಟು, ನನ್ನದು ಎಷ್ಟು?

ಜೂನ್‌ನಲ್ಲಿ ಹೊಸ ಬ್ಯಾಚ್ ಬಂತು. ಮೂವತ್ತೊಂದು ಮಕ್ಕಳು. ಮೊದಲ ದಿನವೇ ಒಂದು ಗಂಟೆ ಭಾಷಣ ಕುಟ್ಟಿದೆ. ಜವಾಬ್ದಾರಿ, ಗುರಿ, ನಿಮ್ಮ ಜೀವನ ನಿಮ್ಮ ಕೈಯಲ್ಲಿ, ಎಲ್ಲ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಮಾರನೇ ದಿನ ಹೋಂವರ್ಕ್ ಮಾಡಿ ತಂದವರು ಒಂಬತ್ತು ಜನ. ಭಾಷಣದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಿಕ್ಕಿಲ್ಲ.

ಜುಲೈಯಲ್ಲಿ ನಕ್ಷತ್ರ. ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಹೋಂವರ್ಕ್ ಮಾಡಿದರೆ ಚಿನ್ನದ ಬಣ್ಣದ ನಕ್ಷತ್ರ, ಇಪ್ಪತ್ತು ನಕ್ಷತ್ರಕ್ಕೆ ಒಂದು ಒಳ್ಳೇ ಪೆನ್. ಎರಡು ವಾರ ಕ್ಲಾಸು ಕುಣಿಯಿತು. ಹುಡುಗಿಯೊಬ್ಬಳು ನಕ್ಷತ್ರ ಸಾಲಲಿಲ್ಲ ಅಂತ ಅತ್ತಳು. ಇಬ್ಬರು ಹುಡುಗರು ಒಂದೇ ಪುಸ್ತಕದ ಲೆಕ್ಕವನ್ನು ಎರಡು ಪುಸ್ತಕಕ್ಕೆ ಇಳಿಸಿ ಎರಡು ನಕ್ಷತ್ರ ತೆಗೆದುಕೊಂಡರು. ಅಷ್ಟರಲ್ಲಿ ಮಳೆ ಜೋರಾಯಿತು. ಜಿಲ್ಲಾಧಿಕಾರಿಗಳು ರಜೆ ಕೊಟ್ಟರು. ಮತ್ತೊಂದು ದಿನ ಕೊಟ್ಟರು. ಮತ್ತೂ ಕೊಟ್ಟರು. ಕರಾವಳಿಯ ಜುಲೈ ಗೊತ್ತಲ್ವಾ, ರಾತ್ರಿ ಹತ್ತಕ್ಕೆ ಮಕ್ಕಳೆಲ್ಲ ಮೊಬೈಲ್ ಹಿಡಿದು ಕೂತಿರುತ್ತಾರೆ, ನಾಳೆಯ ಆರ್ಡರ್ ಬಂತಾ ಅಂತ. ರಜೆ ಮುಗಿದು ಬಂದರೆ ಚಾರ್ಟು ತೇವಕ್ಕೆ ಬಿಟ್ಟುಕೊಂಡು ನೆಲದಲ್ಲಿ ಬಿದ್ದಿತ್ತು. ಎತ್ತಿ ಅಂಟಿಸಿ ಅಂತ ಒಂದು ಮಗುವೂ ಹೇಳಲಿಲ್ಲ.

ಆಮೇಲೆ ನನಗೆ ಒಂದು ಹಳೇ ಪ್ರಯೋಗದ ಬಗ್ಗೆ ಓದಲು ಸಿಕ್ಕಿತು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಅಮೆರಿಕದಲ್ಲಿ ಮಾಡಿದ್ದು. ಸುಮ್ಮನೆ ಖುಷಿಗೆ ಚಿತ್ರ ಬಿಡಿಸುತ್ತಿದ್ದ ಶಿಶುವಿಹಾರದ ಮಕ್ಕಳಿಗೆ, ಬಿಡಿಸಿದರೆ ಬಹುಮಾನ ಕೊಡ್ತೇವೆ ಅಂತ ಮೊದಲೇ ಹೇಳಿದರು. ಕೊಟ್ಟರು ಕೂಡ. ಮುಂದೆ ಬಹುಮಾನ ಇಲ್ಲದಾಗ ಆ ಮಕ್ಕಳು ಚಿತ್ರ ಬಿಡಿಸುವುದೇ ಕಮ್ಮಿಯಾಯಿತು. ಬಹುಮಾನದ ಪತ್ರದಲ್ಲಿ ಏನಿತ್ತು ಗೊತ್ತಾ? ಒಂದು ಚಿನ್ನದ ನಕ್ಷತ್ರ. ನನಗೆ ಒಬ್ಬನೇ ಕೂತು ನಗು ಬಂತು. ಐವತ್ತೊಂದು ವರ್ಷದ ಹಿಂದಿನ ತಪ್ಪನ್ನು ನಾನು ಅದೇ ಸ್ಟಿಕರ್ ಹಾಕಿ ಮಾಡಿದ್ದೆ.

ಆಗಸ್ಟ್‌ನಲ್ಲಿ ಮೂರನೇ ಉಪಾಯ. ದಿನಚರಿ ಪುಸ್ತಕ. ರಾತ್ರಿ ಎಷ್ಟರಿಂದ ಎಷ್ಟರವರೆಗೆ ಓದಿದೆ, ಏನು ಓದಿದೆ, ಕೆಳಗೆ ತಂದೆಯ ಸಹಿ. ಬೆಳಿಗ್ಗೆ ನಾನು ನೋಡಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುವುದು. ಇದು ಮಾತ್ರ ಭಾರೀ ಚೆನ್ನಾಗಿ ನಡೆಯಿತು. ಒಂದು ತಿಂಗಳು ಒಂದು ಪುಸ್ತಕವೂ ತಪ್ಪಲಿಲ್ಲ. ಹೆಡ್‌ಮಾಷ್ಟ್ರು ಬೇರೆ ಕ್ಲಾಸಿಗೂ ಇದನ್ನೇ ಮಾಡಿ ಅಂದರು. ನಾನು ಸ್ವಲ್ಪ ಉಬ್ಬಿದೆ ಅಂತಲೇ ಇಟ್ಟುಕೊಳ್ಳಿ.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದೆವು. ಜೊತೆಗಿನ ಟೀಚರೊಬ್ಬರು ದಾರಿಯಲ್ಲಿ ಮೀನು ತೆಗೆದುಕೊಳ್ಳುವಾಗ ನಮ್ಮ ಕೊನೆ ಬೆಂಚಿನ ಹುಡುಗನ ತಾಯಿ ಸಿಕ್ಕಿದ್ದರಂತೆ. ಗಂಡನ ಬೋಟು ಹೋಗಿ ಒಂಬತ್ತು ದಿನವಾಯ್ತು, ಈ ಸಲ ಮೀನೇ ಇಲ್ಲವಂತೆ, ಅಂತೆಲ್ಲ ಮಾತು. ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿದ ಮೇಲೆ ನಮ್ಮ ಕಡೆ ಮನೆಗಳಲ್ಲಿ ಅಪ್ಪಂದಿರು ಕಾಣುವುದು ಅಪರೂಪ. ಆಳಸಮುದ್ರದ ಬೋಟು ಹೋದರೆ ಬರಲು ಎಂಟು ಹತ್ತು ದಿನ.

ನಾನು ತುತ್ತು ಅಲ್ಲೇ ಬಿಟ್ಟೆ. ಬೆಳಿಗ್ಗೆ ತಾನೇ ಆ ಹುಡುಗನ ಪುಸ್ತಕಕ್ಕೆ ಟಿಕ್ ಹಾಕಿದ್ದೆ. ಸಹಿ ಇತ್ತು.

ಪುಸ್ತಕ ತರಿಸಿ ಹಿಂದಕ್ಕೆ ತಿರುಗಿಸಿದೆ. ಒಂಬತ್ತು ದಿನ, ಒಂಬತ್ತು ಸಹಿ. ಎಲ್ಲ ಒಂದೇ ನೀಲಿ, ಒಂದೇ ಓರೆ. ಕೊನೆಯಲ್ಲಿ ಬಾಲ ಎಳೆದು ಅದರ ಕೆಳಗೆ ಎರಡು ಚುಕ್ಕಿ. ಬ್ಯಾಂಕ್ ಮ್ಯಾನೇಜರನ ಸಹಿಯ ಹಾಗಿತ್ತು. ಅದು ನನಗೆ ಮೊದಲೇ ಗೊತ್ತಾಗಬೇಕಿತ್ತು.

"ಇದು ಯಾರ ಸಹಿ?"

"ಅಪ್ಪಂದು ಸರ್."

"ಅಪ್ಪ ಎಲ್ಲಿದ್ದಾರೆ?"

"ಬೋಟಲ್ಲಿ ಸರ್."

ಹೇಳಿಬಿಟ್ಟ ಮೇಲೆ ಅವನಿಗೂ ಗೊತ್ತಾಯಿತು. ತಲೆ ತಗ್ಗಿಸಲಿಲ್ಲ. ಕಿಟಕಿ ಕಡೆ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಅಮ್ಮನಿಗೆ ಬರೀಲಿಕ್ಕೆ ಬರುದಿಲ್ಲ ಸರ್. ನೀವು ಸಹಿ ಬೇಕು ಅಂತ ಹೇಳಿದ್ರಿ."

ಬಯ್ಯಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ನಾನು ಕೇಳಿದ್ದು ಸಹಿ. ಅವನು ಕೊಟ್ಟದ್ದು ಸಹಿ. ಓದಿನ ಸುದ್ದಿ ನಮ್ಮಿಬ್ಬರ ನಡುವೆ ಎಲ್ಲೂ ಬಂದೇ ಇರಲಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಬಾಗಿಲು ಹಾಕಿ ಕೇಳಿದೆ. ಬಯ್ಯುವುದಿಲ್ಲ, ಮನೆಗೆ ಹೇಳುವುದಿಲ್ಲ, ಯಾರ್ಯಾರ ಪುಸ್ತಕದಲ್ಲಿ ಕಳ್ಳ ಸಹಿ ಇದೆ ಕೈ ಎತ್ತಿ. ಮೊದಲು ಮೂರು ಕೈ. ಆಮೇಲೆ ಏಳು. ಕೊನೆಗೆ ಹತ್ತೊಂಬತ್ತು. ಮುಂದಿನ ಬೆಂಚಿನ ಒಬ್ಬಳು ಹುಡುಗಿ ತನ್ನದಲ್ಲದೆ ಇನ್ನಿಬ್ಬರ ಅಪ್ಪಂದಿರ ಸಹಿಯನ್ನೂ ಹಾಕಿಕೊಡುತ್ತಿದ್ದಳು. "ಅವಳ ಅಕ್ಷರ ಚೆಂದ ಸರ್" ಅಂತ ಪಕ್ಕದವಳು ಸಮರ್ಥನೆ ಕೊಟ್ಟಳು. ದಿನಚರಿ ಪುಸ್ತಕ ಅವತ್ತಿಗೆ ಮುಗಿಯಿತು.

ಆ ಸಂಜೆ ಹುಡುಗನನ್ನು ನಿಲ್ಲಿಸಿ ಸುಮ್ನೆ ಮಾತಾಡಿದೆ. ಬೆಳಿಗ್ಗೆ ಎಷ್ಟಕ್ಕೆ ಏಳ್ತೀಯಾ ಅಂದೆ. ನಾಲ್ಕಕ್ಕೆ ಅಂದ. ನಾನು ನಂಬಲಿಲ್ಲ. ತಾಯಿ ಬಂದರಿಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದು ಊರಲ್ಲಿ ಮಾರುತ್ತಾರೆ. ಇವನು ಜೊತೆಗೆ ಹೋಗಿ ಬುಟ್ಟಿ ಎತ್ತಿಕೊಟ್ಟು, ರಿಕ್ಷಾಕ್ಕೆ ಹಾಕಿ, ಆರೂವರೆಗೆ ಮನೆಗೆ ಬರುತ್ತಾನೆ. ಐದನೇ ಕ್ಲಾಸಿನಿಂದ ಹೀಗೇ.

"ಯಾರು ಎಬ್ಬಿಸುದು?"

"ಯಾರೂ ಇಲ್ಲ ಸರ್."

"ಅಲಾರಮ್ಮಾ?"

"ಇಲ್ಲ. ಬುಟ್ಟಿ ಶಬ್ದ ಕೇಳ್ತದೆ."

ತಾಯಿ ಎದ್ದು ಅಟ್ಟದಿಂದ ಅಲ್ಯುಮಿನಿಯಂ ಬುಟ್ಟಿ ಇಳಿಸುವಾಗ ಅದು ಗೋಡೆಗೆ ತಾಗಿ ಟಣ್ ಅನ್ನುತ್ತದಂತೆ. ಆ ಶಬ್ದಕ್ಕೆ ಇವನ ಕಾಲು ನೆಲಕ್ಕೆ. "ಏಳಬೇಕಾ ಬೇಡವಾ ಅಂತ ಅನಿಸುದಿಲ್ವಾ?" ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಅನಿಸ್ಲಿಕ್ಕೆ ಎಂತ ಉಂಟು ಸರ್, ಬುಟ್ಟಿ ಶಬ್ದ ಆಯ್ತಲ್ಲ."

ಈ ಹುಡುಗನಿಗೆ ನಾನು ಜನವರಿಯಲ್ಲಿ ಐದು ಗಂಟೆಗೆ ಫೋನ್ ಮಾಡಿ ಎಬ್ಬಿಸುವವನಿದ್ದೆ. ಆ ಹೊತ್ತಿಗೆ ಅವನು ಮಲ್ಪೆ ಬಂದರಿನಲ್ಲಿ ಬಂಗುಡೆ ಲೆಕ್ಕ ಮಾಡುತ್ತಿರುತ್ತಾನೆ.

ಅಭ್ಯಾಸದ ಬಗ್ಗೆ ನಾನು ಓದಿದ್ದೆಲ್ಲ ಆ ಟಣ್ ಶಬ್ದದಲ್ಲಿತ್ತು. ಅಭ್ಯಾಸಕ್ಕೆ ಮನಸ್ಸು ಗಟ್ಟಿ ಇರಬೇಕು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಆದರೆ ದಿನಾ ನಡೆಯುವ ಯಾವುದೋ ಒಂದಕ್ಕೆ ಅದನ್ನು ಕಟ್ಟಿಹಾಕಿದರೆ ಮನಸ್ಸನ್ನು ಕೇಳಲಿಕ್ಕೇ ಇಲ್ಲ. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. "ಚೆನ್ನಾಗಿ ಓದುತ್ತೇನೆ" ಅಂತ ನಿಶ್ಚಯ ಮಾಡುವವರಿಗಿಂತ "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಅಂತ ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ ಅಂತ. ನನಗೆ ಅದು ಓದಿದಾಗ ತಾಗಲಿಲ್ಲ. ಬುಟ್ಟಿ ತಾಗಿತು.

ಇದನ್ನು ಕ್ಲಾಸಿಗೆ ಹೇಳಬಹುದಾ ಅಂತ ಹುಡುಗನನ್ನೇ ಕೇಳಿದೆ. ಮೀನಿನ ಬುಟ್ಟಿ ಅಂದರೆ ನಗುವ ಮಕ್ಕಳೂ ಇರುತ್ತಾರೆ. ಎರಡು ದಿನ ಯೋಚನೆ ಮಾಡಿ, "ನಾನೇ ಹೇಳ್ತೇನೆ ಸರ್" ಅಂದ. ಹೇಳಿದ. ಒಬ್ಬಿಬ್ಬರು ನಕ್ಕರು. ಮೇಜಿಗೆ ಕಂಪಾಸ್ ಬಾಕ್ಸ್ ತಾಗಿಸಿ ಟಣ್ ಅಂತ ಮಾಡಿ ತೋರಿಸಿದ ಮೇಲೆ ಯಾರೂ ನಗಲಿಲ್ಲ.

ಅವತ್ತಿನಿಂದ ಕ್ಲಾಸಿನಲ್ಲಿ "ಬುಟ್ಟಿ" ಅನ್ನುವುದು ಒಂದು ಶಬ್ದವಾಯಿತು. ನಿನ್ನ ಬುಟ್ಟಿ ಯಾವುದು? ಒಂದು ವಾರ ಟೈಮ್ ಕೊಟ್ಟೆ. ಮನೆಯಲ್ಲಿ ದಿನಾ ತಪ್ಪದೇ ನಡೆಯುವ ಒಂದನ್ನು ಹುಡುಕಿ ಬನ್ನಿ. ಅದು ಆದ ತಕ್ಷಣ ಒಂದು ಲೆಕ್ಕ. ಎರಡಲ್ಲ, ಒಂದೇ. ಅದರ ಮೇಲೆ ಓದಿದರೆ ನಿಮ್ಮ ಖುಷಿ.

ಅವರು ತಂದ ಪಟ್ಟಿ ನೋಡಿದರೆ ಊರೇ ಕಾಣುತ್ತಿತ್ತು. ತುಳಸಿ ಕಟ್ಟೆಗೆ ದೀಪ ಇಟ್ಟ ಮೇಲೆ ಅಂತ ಆರೇಳು ಜನ. ಮಗ್ರಿಬ್ ನಮಾಜ್ ಆದ ಮೇಲೆ ಅಂತ ಮೂವರು. ಕ್ರಿಶ್ಚಿಯನ್ ಹುಡುಗಿಯೊಬ್ಬಳು ಮನೆಯವರೆಲ್ಲ ಕೂತು ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಸಿದ ಕೂಡಲೇ ಅಂದಳು. ಒಬ್ಬಳ ಅಮ್ಮ ಬೀಡಿ ಕಟ್ಟುವವರು. ಅವರು ರಾತ್ರಿ ಬೀಡಿಯ ತಡ್ಪೆ, ಅಂದರೆ ಮೊರ, ಕಾಲ ಮೇಲಿಟ್ಟುಕೊಂಡ ಹೊತ್ತಿಗೆ ಇವಳು ಪಕ್ಕದಲ್ಲಿ ಪುಸ್ತಕ ಬಿಡಿಸುವುದು. ಅಮ್ಮನ ಸೀರಿಯಲ್ಲಿನ ಮ್ಯೂಸಿಕ್ ಶುರುವಾದಾಗ ಅಂತ ಒಬ್ಬ ಬರೆದಿದ್ದ. ಇದು ಹೇಗೆ ನಡೀತದೆ ಮಾರಾಯಾ ಅಂದರೆ, "ಆಗ ನನಗೆ ರಿಮೋಟ್ ಸಿಗುದಿಲ್ಲ ಸರ್, ಬೇರೆ ಎಂತ ಕೆಲಸ?" ಅಂದ. ಇದಕ್ಕಿಂತ ಗಟ್ಟಿ ಬುಟ್ಟಿ ಬೇರೆ ಯಾರದ್ದೂ ಇರಲಿಲ್ಲ.

ಶಾಲೆಗೂ ಒಂದು ಬೇಕಿತ್ತು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುತ್ತೇವೆ, ಕೆಲವು ದಿನ ರಾಗಿ ಮಾಲ್ಟ್. ಕುಡಿದು ಲೋಟ ತೊಳೆದು ಕವುಚಿ ಹಾಕಿದ ಮೇಲೆ ಬೋರ್ಡಿನ ಮೇಲಿನ ಒಂದು ಲೆಕ್ಕ. ಬೋರ್ಡಿಗೆ ಬರೆಯುವುದು ನಾನಲ್ಲ, ದಿನಕ್ಕೊಬ್ಬರು. ಮೊದಲ ವಾರ ಲೋಟದ ಶಬ್ದವೇ ಜಾಸ್ತಿ, ಲೆಕ್ಕ ಕಮ್ಮಿ. ಅಕ್ಟೋಬರ್ ಕೊನೆಗೆ ನಾನು ಲೇಟಾಗಿ ಬಂದ ಒಂದು ದಿನ ವರಾಂಡದಿಂದಲೇ ನೋಡಿದೆ. ಲೋಟಗಳು ಸಾಲಾಗಿ ಕವುಚಿದ್ದವು. ಒಳಗೆ ಎಲ್ಲ ತಲೆ ಬಗ್ಗಿಸಿ ಸಮಾಂತರ ಶ್ರೇಢಿಯ ಇಪ್ಪತ್ತನೇ ಪದ ಕಂಡುಹಿಡಿಯುತ್ತಿದ್ದರು. ಒಳಗೆ ಹೋಗಲು ಮನಸ್ಸಾಗದೆ ಅಲ್ಲೇ ನಿಂತೆ.

ಪೋಷಕರ ಸಭೆಯಲ್ಲಿ ಬೈಗುಳ ಸಿಕ್ಕಿತು. ಒಂದು ಲೆಕ್ಕ ಎಲ್ಲಿ ಸಾಕಾಗ್ತದೆ ಸರ್, ಪಕ್ಕದ ಮನೆ ಹುಡುಗಿ ನಾಲ್ಕು ಗಂಟೆ ಓದ್ತಾಳೆ. ಎಷ್ಟು ದಿನದಿಂದ ಅಂತ ಕೇಳಿದೆ. ಮೊನ್ನೆಯಿಂದ ಅಂದರು.

ಇನ್ನೊಂದು ಪ್ರಶ್ನೆ ಮಕ್ಕಳದ್ದೇ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದಾರೆ. ಇಪ್ಪತ್ತೆರಡನೇ ದಿನವೂ ಬೇಜಾರಾದರೆ ತಮ್ಮಲ್ಲೇ ಏನೋ ಕೊರತೆ ಅಂದುಕೊಳ್ಳುತ್ತಾರೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ ಮಾಡಿದ ಅಧ್ಯಯನದ ಅಂಕಿ ಬೋರ್ಡಿಗೆ ಬರೆದೆ. ಸರಾಸರಿ 66 ದಿನ. ಬೇಗ ಆದವರಿಗೆ 18 ದಿನ, ತೀರಾ ತಡವಾದವರಿಗೆ ಲೆಕ್ಕದ ಪ್ರಕಾರ 254 ದಿನ. ಮಧ್ಯೆ ಒಂದು ದಿನ ತಪ್ಪಿದರೆ ಅಂಥಾ ನಷ್ಟವೇನೂ ಇಲ್ಲ ಅಂತಲೂ ಅವರಿಗೆ ಕಂಡಿತ್ತು. ಸಹಿ ಹಾಕುವ ಹುಡುಗಿ ತಟ್ಟನೆ 254ರಿಂದ 18 ಕಳೆದು, "ವ್ಯಾಪ್ತಿ 236 ಸರ್" ಅಂದಳು. "ಇಷ್ಟು ದೊಡ್ಡ ವ್ಯಾಪ್ತಿ ಇದ್ರೆ ಸರಾಸರಿ ಹಿಡ್ಕೊಂಡು ಎಂತ ಮಾಡುದು?" ಸಂಖ್ಯಾಶಾಸ್ತ್ರದ ಪಾಠವನ್ನು ನಾನು ಅದಕ್ಕಿಂತ ಚೆನ್ನಾಗಿ ಯಾವತ್ತೂ ಮಾಡಿಲ್ಲ.

ತಪ್ಪಿದ ದಿನಕ್ಕೆ ಅವರೇ ಒಂದು ಗುರುತು ಮಾಡಿಕೊಂಡರು. ಪುಸ್ತಕದ ಅಂಚಿಗೆ 'ಮ', ಅಂದರೆ ಮಳೆ. ಜುಲೈಯ ಮಳೆ ರಜೆಯ ನೆನಪಿಗೆ. ಡಿಸೆಂಬರ್‌ನಲ್ಲಿ, ಆಕಾಶದಲ್ಲಿ ಒಂದು ತುಣುಕು ಮೋಡ ಇಲ್ಲದಾಗ, ಒಬ್ಬನ ಪುಸ್ತಕದಲ್ಲಿ ವಾರದಲ್ಲಿ ನಾಲ್ಕು ಮಳೆ ಬಂದಿತ್ತು. ಅಕ್ಕನ ಮದುವೆಯಂತೆ. ನಾನು ಏನೂ ಹೇಳಲಿಲ್ಲ. ಐದನೇ ದಿನ ಬಿಸಿಲು.

ಇಷ್ಟು ಅಭ್ಯಾಸದ ಮಾತಾಯಿತು. ಜವಾಬ್ದಾರಿಯದ್ದು ಬೇರೆ ಕಥೆ. ಅದರಲ್ಲಿ ಪೆಟ್ಟು ತಿಂದವನು ನಾನು.

ದಸರಾ ರಜೆ ಮುಗಿದ ಮೇಲೆ ಮಧ್ಯವಾರ್ಷಿಕದ ಪೇಪರ್ ಕೊಟ್ಟೆ. ಜೊತೆಗೆ ಒಂದು ಖಾಲಿ ಹಾಳೆ. ಎಲ್ಲೆಲ್ಲಿ ಅಂಕ ಹೋಯಿತು, ಯಾಕೆ ಹೋಯಿತು, ನೀವೇ ಬರೆಯಿರಿ. ಮೊದಲ ಸಲ ಬಂದದ್ದು ನಿರೀಕ್ಷಿಸಿದ ಹಾಗೇ. ಪೇಪರ್ ಕಷ್ಟ ಇತ್ತು. ಟೈಮ್ ಸಾಕಾಗಲಿಲ್ಲ. ಜ್ವರ ಇತ್ತು. ಗಣಿತ ನನ್ನ ತಲೆಗೆ ಹೋಗುವುದಿಲ್ಲ. ಹಾಳೆಗಳನ್ನು ವಾಪಸ್ ಕೊಟ್ಟೆ. ಇದು ಯಾರೂ ಏನೂ ಮಾಡಲಿಕ್ಕಾಗದ ಕಾರಣ. ನಾಳೆ ನೀವು ಕೈ ಹಾಕಿ ಸರಿ ಮಾಡಬಹುದಾದ ಕಾರಣ ಬರೆಯಿರಿ ಅಂದೆ.

ಎರಡನೇ ಸಲ ಸ್ವಲ್ಪ ಬಣ್ಣ ಬದಲಾಯಿತು. "ಥೇಲ್ಸ್ ಪ್ರಮೇಯ ಬಾಯಿಪಾಠ ಮಾಡಿದ್ದೆ, ಚಿತ್ರಕ್ಕೆ ಬೇರೆ ಅಕ್ಷರ ಕೊಟ್ಟರು, ಗೊತ್ತಾಗಲಿಲ್ಲ." "ಮೈನಸ್ ಆಚೆ ಹೋದಾಗ ಪ್ಲಸ್ ಮಾಡಲು ಮರೆಯುತ್ತೇನೆ, ಐದು ಕಡೆ ಇದೇ ತಪ್ಪು." ಇದು ಕೆಲಸಕ್ಕೆ ಬರುವ ಮಾತು. ನಾನು ಖುಷಿಯಲ್ಲಿ ಒಂದೊಂದೇ ತಿರುಗಿಸುತ್ತಿದ್ದೆ. ಹನ್ನೊಂದು ಹಾಳೆಗಳಲ್ಲಿ ಒಂದೇ ವಾಕ್ಯ ಸ್ವಲ್ಪ ಹೆಚ್ಚುಕಮ್ಮಿ ಇತ್ತು. ವೃತ್ತಗಳ ಪಾಠ ಸರ್ ಎರಡು ದಿನದಲ್ಲಿ ಓಡಿಸಿದರು.

ಮೊದಲು ಸಿಟ್ಟು ಬಂತು. ಜವಾಬ್ದಾರಿ ತೆಗೆದುಕೊಳ್ಳಿ ಅಂದರೆ ನನ್ನ ಮೇಲೆ ಹಾಕ್ತಾರಾ? ರಾತ್ರಿ ನನ್ನ ಪಾಠದ ಡೈರಿ ತೆಗೆದು ನೋಡಿದೆ. ಮಳೆ ರಜೆಯಲ್ಲಿ ಹೋದ ದಿನ ತುಂಬಿಸಲು ವೃತ್ತಗಳನ್ನು ನಿಜಕ್ಕೂ ಎರಡೂವರೆ ಪೀರಿಯಡ್‌ನಲ್ಲಿ ಮುಗಿಸಿದ್ದೆ. ಅದರಲ್ಲಿ ಅರ್ಧ ಪೀರಿಯಡ್ ಕ್ರೀಡಾಕೂಟದ ಹೆಸರು ಬರೆಸುವುದಕ್ಕೆ ಹೋಗಿತ್ತು.

ಮಾರನೇ ದಿನ ಬೋರ್ಡಿನ ಮೇಲೆ ನಾನೂ ಬರೆದೆ. "ವೃತ್ತಗಳು: ತಪ್ಪು ನನ್ನದು. ಈ ವಾರ ಐದು ಪೀರಿಯಡ್ ಮತ್ತೆ." ಕ್ಲಾಸು ಸುಮ್ಮನಾಯಿತು. ಎಷ್ಟು ಸುಮ್ಮನೆ ಅಂದರೆ ಹೊರಗೆ ಅಕ್ಷರ ದಾಸೋಹದ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಮುಂದಿನ ಟೆಸ್ಟಿನ ಹಾಳೆಗಳಲ್ಲಿ ಜ್ವರ, ತಲೆನೋವು ಬಹಳ ಕಮ್ಮಿಯಾಯಿತು. ನಾನು ಬರೆಯದೇ ಇದ್ದಿದ್ದರೆ ಅವರು ಬರೆಯುತ್ತಿದ್ದರಾ? ನನಗೇನೋ ಇಲ್ಲ ಅಂತಲೇ ಅನಿಸುತ್ತದೆ.

ಜನವರಿ ಬಂತು. ಹೆಡ್‌ಮಾಷ್ಟ್ರು ಪಟ್ಟಿ ಹಿಡಿದು ಬಂದರು. ನನ್ನ ಪಾಲಿಗೆ ಎಂಟು ಮಕ್ಕಳು. ಈ ವರ್ಷ ನಾನು ಫೋನ್ ಮಾಡುವುದಿಲ್ಲ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ರಿಸಲ್ಟ್ ಬಿದ್ರೆ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅಂತೂ ಒಪ್ಪಿದರು, ಅದು ಅವರ ದೊಡ್ಡತನ.

ಮಕ್ಕಳಿಗೆ ಹೇಳಿದೆ. ಏಳುವುದು, ಏಳದಿರುವುದು, ರಾತ್ರಿ ಓದುವುದು, ಬೆಳಿಗ್ಗೆ ಓದುವುದು, ಎಲ್ಲ ನಿಮಗೆ ಬಿಟ್ಟದ್ದು. ಆದರೆ ಏನು ಮಾಡ್ತೀರಿ ಅಂತ ಬರೆದು ಗೋಡೆಗೆ ಅಂಟಿಸಿ. ಒಬ್ಬ ಹುಡುಗ ಕಡ್ಡಿ ಮುರಿದ ಹಾಗೆ, ನನಗೆ ರಾತ್ರಿ ಹನ್ನೊಂದರವರೆಗೆ ಓದಿದರೇ ಆಗುವುದು, ಬೆಳಿಗ್ಗೆ ಎದ್ದರೆ ಇಡೀ ದಿನ ತೂಕಡಿಕೆ ಅಂತ ಬರೆದ. ಹಿಂದಿನ ವರ್ಷವಾಗಿದ್ದರೆ ಅವನನ್ನು ಐದಕ್ಕೆ ಎಬ್ಬಿಸಿ ಇಡೀ ದಿನ ತೂಕಡಿಸಲು ಬಿಡುತ್ತಿದ್ದೆ.

ಒಬ್ಬ ತಾಯಿ ಶಾಲೆಗೇ ಬಂದು ಜಗಳ ಮಾಡಿದರು. "ಅಣ್ಣನಿಗೆ ಫೋನ್ ಮಾಡಿದ್ರಿ, ತಂಗಿಗೆ ಯಾಕೆ ಇಲ್ಲ?" ನ್ಯಾಯದ ಪ್ರಶ್ನೆಯೇ. ಉತ್ತರ ಕೊಟ್ಟೆ, ಅವರಿಗೆ ಸಮಾಧಾನ ಆಗಲಿಲ್ಲ. ಹೆಚ್ಚೇನು, ನನಗೂ ಆಗಲಿಲ್ಲ.

ತಮಾಷೆ ಅಂದರೆ ನನಗೇ ಐದಕ್ಕೆ ಎಚ್ಚರವಾಗುತ್ತಿತ್ತು. ಎಷ್ಟೋ ವರ್ಷದ ರೂಢಿ. ಕತ್ತಲೆಯಲ್ಲಿ ಕೈ ತಾನಾಗಿ ಫೋನ್ ಹುಡುಕುತ್ತಿತ್ತು. ಮೊದಲ ವಾರ ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದ್ದೂ ಉಂಟು. ಮಕ್ಕಳ ಅಭ್ಯಾಸ ಸರಿ ಮಾಡಲು ಹೊರಟವನಿಗೆ ತನ್ನದನ್ನು ಬಿಡಲು ಆಗುತ್ತಿರಲಿಲ್ಲ. ಕೊನೆಗೆ ಎಚ್ಚರವಾದ ಕೂಡಲೇ ಫೋನಿನ ಬದಲು ಒಂದು ಲೆಕ್ಕ ಅಂತ ನಾನೂ ಮಾಡಿಕೊಂಡೆ. ನಿದ್ದೆಗಣ್ಣಲ್ಲಿ ತಪ್ಪಿದ ಲೆಕ್ಕವನ್ನು ಕ್ಲಾಸಿಗೆ ಒಯ್ದು ತೋರಿಸುತ್ತಿದ್ದೆ. ಅದನ್ನು ಹಿಡಿಯುವುದರಲ್ಲಿ ಅವರಿಗೆ ಎಲ್ಲಿಲ್ಲದ ಉತ್ಸಾಹ.

ಫೆಬ್ರವರಿಯಲ್ಲಿ ಒಂದು ಸಂಗತಿ ಗೊತ್ತಾಯಿತು. ಬೋಟಿನವರ ಹುಡುಗ ಬಂದರಿನಿಂದ ಐದು ಗಂಟೆಗೆ ಅಮ್ಮನ ಫೋನಿನಲ್ಲಿ ನಾಲ್ಕು ಗೆಳೆಯರಿಗೆ ಕಾಲ್ ಮಾಡುತ್ತಿದ್ದಾನೆ. ಅವನೇನೂ ಮಾತಾಡುವುದಿಲ್ಲ. ಫೋನನ್ನು ಹರಾಜಿನ ಕಡೆ ಹಿಡಿಯುತ್ತಾನೆ, ಅಷ್ಟೇ. ಬುಟ್ಟಿ ಎಳೆಯುವ ಶಬ್ದ, ರೇಟು ಕೂಗುವ ಗಲಾಟೆ, ಮಂಜುಗಡ್ಡೆ ಪುಡಿ ಮಾಡುವ ಮಿಷಿನು. "ಅದು ಕೇಳಿದ ಮೇಲೆ ನಿದ್ದೆ ಬರುದಿಲ್ಲ ಸರ್" ಅಂದ ಒಬ್ಬ. ಫೋನ್ ಬಿಟ್ಟದ್ದು ನಾನು, ಹಿಡಿದದ್ದು ಅವನು. ಹಾಗಾದರೆ ಏನು ಬದಲಾಯಿತು ಅಂತ ನೀವು ಕೇಳಬಹುದು. ಕೇಳಿ, ನಾನೂ ಕೇಳಿಕೊಂಡಿದ್ದೇನೆ. ಇದು ಅವರೇ ಮಾಡಿಕೊಂಡ ವ್ಯವಸ್ಥೆ, ಬೇಡವಾದರೆ ಅವರೇ ನಿಲ್ಲಿಸಬಹುದು, ಅಷ್ಟು ವ್ಯತ್ಯಾಸ ಇದೆ ಅನ್ನುವುದು ನನ್ನ ಲೆಕ್ಕ.

ಮಾರ್ಚ್ 21ಕ್ಕೆ ಪರೀಕ್ಷೆ ಶುರು. ಮೇ 2ಕ್ಕೆ ಫಲಿತಾಂಶ. ಈ ಸಲ ದಕ್ಷಿಣ ಕನ್ನಡ 91.12ರೊಂದಿಗೆ ಮೇಲೆ, ಉಡುಪಿ 89.96ರೊಂದಿಗೆ ಎರಡನೆಯದು. ರಾಜ್ಯ 62.34. ನಮ್ಮ ಶಾಲೆಯ ಮೂವತ್ತೊಂದರಲ್ಲಿ ಇಪ್ಪತ್ತೆಂಟು. ನೂರಕ್ಕೆ ನೂರು ಹೋಯಿತು. ಗೇಟಿಗೆ ಫ್ಲೆಕ್ಸ್ ಬರಲಿಲ್ಲ. "ನಿಮ್ಮ ಬುಟ್ಟಿಯಲ್ಲಿ ತೂತು ಉಂಟು ಮಾರಾಯ್ರೆ" ಅಂದರು ಒಬ್ಬ ಸಹೋದ್ಯೋಗಿ. ನಗುತ್ತಲೇ ಅಂದದ್ದು. ಆದರೂ ಎರಡು ದಿನ ಊಟ ಸೇರಲಿಲ್ಲ. ಆ ಮೂವರಿಗೆ ಫೋನ್ ಮಾಡಿದ್ದರೆ ದಾಟುತ್ತಿದ್ದರಾ? ಇಬ್ಬರಾದರೂ ದಾಟುತ್ತಿದ್ದರು ಅಂತ ಇವತ್ತಿಗೂ ಅನಿಸುತ್ತದೆ. ಅದನ್ನು ಮುಚ್ಚಿಟ್ಟು ಇದನ್ನು ಬರೆಯಲಿಕ್ಕಾಗುವುದಿಲ್ಲ.

ಮೂವರಲ್ಲಿ ಇಬ್ಬರು ಮುಂದಿನ ವಾರವೇ ಬಂದರು. ಕರೆಸಿದ್ದಲ್ಲ, ಅವರಾಗಿ ಬಂದದ್ದು. ಕೈಯಲ್ಲಿ ಯಾಕೆ ಅಂಕ ಹೋಯಿತು ಅನ್ನುವ ಹಾಳೆ. ಒಬ್ಬಳು ಬರೆದಿದ್ದಳು, "ಡಿಸೆಂಬರ್ ನಂತರ ಬುಟ್ಟಿ ಬಿಟ್ಟೆ." ಎರಡನೇ ಪರೀಕ್ಷೆಗೆ ಕೂತು ಇಬ್ಬರೂ ಪಾಸಾದರು. ಮೂರನೆಯವನು ಬರಲಿಲ್ಲ. ಅವನ ಮನೆಗೆ ಎರಡು ಸಲ ಹೋದೆ. ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂದರು.

ಕೊನೆ ಬೆಂಚಿನ ಹುಡುಗನಿಗೆ 625ಕ್ಕೆ 412. ಗಣಿತದಲ್ಲಿ 71.

ಮೇ ಮಧ್ಯದಲ್ಲಿ ಅವನು ಟಿಸಿಗೆ ಬಂದ. ಜೊತೆಗೆ ಅಪ್ಪ. ಬೋಟು ಹಿಂದಿನ ದಿನ ಬಂದಿತ್ತಂತೆ. ಉಪ್ಪು ನೀರಿಗೆ ಸುಟ್ಟ ಮುಖ, ಇಸ್ತ್ರಿ ಹಾಕಿದ ಬಿಳಿ ಶರ್ಟು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಅರ್ಜಿ ಮುಂದಿಟ್ಟು ಇಲ್ಲಿ ಸಹಿ ಹಾಕಿ ಅಂದೆ. ಅವರು ಪೆನ್ನನ್ನು ಹಗ್ಗ ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದರು. ಒಂದೊಂದೇ ಅಕ್ಷರ, ನಡುವೆ ಉಸಿರು ಬಿಟ್ಟು, ಹೆಸರು ಪೂರ್ತಿ ಬರೆದರು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಬಾಲ ಇರಲಿಲ್ಲ. ಎರಡು ಚುಕ್ಕಿಯೂ ಇರಲಿಲ್ಲ.

ನಾನು ಹುಡುಗನ ಮುಖ ನೋಡಿದೆ. ಅವನು ಕಿಟಕಿ ಕಡೆ ತಿರುಗಿ ತುಟಿ ಕಚ್ಚಿಕೊಂಡಿದ್ದ.

"ಎಂತ ಸರ್, ಸರಿ ಉಂಟಲ್ಲ?" ಅಪ್ಪ ಕೇಳಿದರು.

"ಸರಿ ಉಂಟು" ಅಂದೆ.

"ಇದೇ ಒರಿಜಿನಲ್ ಸರ್" ಅಂದ ಹುಡುಗ.